ದೂರ-ಕಾಲ ಗ್ರಾಫ್‌ನಿಂದ ಸರಾಸರಿ ದರ ಕಂಡುಹಿಡಿಯುವುದು: 62.25 ಸರಿಯೋ, 60 ಸರಿಯೋ?

ಪ್ರಶ್ನೆ: ಭಾನುವಾರದ ತರಗತಿ, ಡೊಂಬಿವಲಿ

ಮಾನ್ಯರೇ, ಡೊಂಬಿವಲಿಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಭಾನುವಾರದಂದು ಗಣಿತ ಮತ್ತು ವಿಜ್ಞಾನವನ್ನು ಹೇಳಿಕೊಡುತ್ತಿದ್ದೇವೆ. ಮಕ್ಕಳಲ್ಲಿ ಬಹುಪಾಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರ ಮಕ್ಕಳು. ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮ, ಮನೆಯಲ್ಲಿ ಕನ್ನಡ ಇಲ್ಲವೇ ತುಳು. ನಾನು ಓದಿದ್ದು ವಾಣಿಜ್ಯಶಾಸ್ತ್ರ. ಹೀಗಾಗಿ ಲೆಕ್ಕದ ಉತ್ತರ ತಿಳಿದರೂ ಅದರ ಹಿಂದಿನ ಕಾರಣವನ್ನು ಮಕ್ಕಳ ಮನಸ್ಸಿಗೆ ನಾಟುವಂತೆ ಹೇಳಲು ಕೆಲವೊಮ್ಮೆ ಕಷ್ಟವಾಗುತ್ತದೆ.

ದೂರ-ಕಾಲ ಗ್ರಾಫ್ ಕಲಿಸುವಾಗ ಮಕ್ಕಳಿಗೆ ಪರಿಚಯವಿರುವ ದಾರಿಯೇ ಇರಲಿ ಎಂದು ಮುಂಬಯಿ-ಪುಣೆ ರೈಲುದಾರಿಯ ಮೇಲೆ ಒಂದು ಲೆಕ್ಕವನ್ನು ಹೆಣೆದೆ. ಇದರಲ್ಲಿರುವ ದೂರಗಳು ಸುಮಾರಾಗಿ ನಿಜವಾದವು. ಸಮಯಗಳು ಮಾತ್ರ ಲೆಕ್ಕ ಸರಳವಾಗಲೆಂದು ಕಲ್ಪಿಸಿಕೊಂಡವು, ಯಾವ ಗಾಡಿಯ ವೇಳಾಪಟ್ಟಿಯೂ ಅಲ್ಲ.

ಗಾಡಿ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣವನ್ನು 0 ನಿಮಿಷಕ್ಕೆ ಬಿಡುತ್ತದೆ.
54ನೆಯ ನಿಮಿಷಕ್ಕೆ ಕಲ್ಯಾಣವನ್ನು ನಿಲ್ಲದೆ ದಾಟುತ್ತದೆ: 54 ಕಿ.ಮೀ.
94ನೆಯ ನಿಮಿಷಕ್ಕೆ ಕರ್ಜತ್ ತಲುಪುತ್ತದೆ: 100 ಕಿ.ಮೀ. ಅಲ್ಲಿ 5 ನಿಮಿಷ ನಿಲ್ಲುತ್ತದೆ.
99ರಿಂದ 141ನೆಯ ನಿಮಿಷದವರೆಗೆ ಘಾಟ್ ಹತ್ತಿ ಲೋನಾವಳಾ ತಲುಪುತ್ತದೆ: 128 ಕಿ.ಮೀ. ಅಲ್ಲಿ 3 ನಿಮಿಷ ನಿಲ್ಲುತ್ತದೆ.
144ಕ್ಕೆ ಹೊರಟು 192ನೆಯ ನಿಮಿಷಕ್ಕೆ ಪುಣೆ ಸೇರುತ್ತದೆ: 192 ಕಿ.ಮೀ.

ಒಬ್ಬ ಹುಡುಗ ಗಾಡಿ ಓಡುತ್ತಿದ್ದ ನಾಲ್ಕು ಹಂತಗಳ ಜವವನ್ನೂ ಸರಿಯಾಗಿಯೇ ಕಂಡುಹಿಡಿದ. ಗಂಟೆಗೆ 60, 69, 40 ಮತ್ತು 80 ಕಿ.ಮೀ. ಅವುಗಳನ್ನು ಕೂಡಿ ನಾಲ್ಕರಿಂದ ಭಾಗಿಸಿ ಇಡೀ ಪ್ರಯಾಣದ ಸರಾಸರಿ 62.25 ಎಂದು ಬರೆದ. 192 ಕಿ.ಮೀ.ಗೆ 192 ನಿಮಿಷ, ಆದ್ದರಿಂದ ಗಂಟೆಗೆ 60 ಎಂದು ನಾನು ಹೇಳಿದರೆ ಅವನು ಒಪ್ಪಲಿಲ್ಲ. "ಒಂದೊಂದು ಹಂತದ ಸರಾಸರಿಯೂ ಸರಿ ಇದೆ ಎಂದ ಮೇಲೆ ಅವುಗಳ ಸರಾಸರಿ ಹೇಗೆ ತಪ್ಪಾಗುತ್ತದೆ?" ಎನ್ನುವುದು ಅವನ ವಾದ. ನಿಂತ 8 ನಿಮಿಷವನ್ನು ಬಿಟ್ಟಿದ್ದರಿಂದಲೇ ಈ ವ್ಯತ್ಯಾಸ ಬಂದಿತು ಎಂದು ವಿವರಿಸಲು ಹೋದರೆ, ನಿಂತ ಸಮಯವನ್ನು ಕಳೆದು ಲೆಕ್ಕ ಹಾಕಿದಾಗಲೂ 62.25 ಬರಲಿಲ್ಲ; 62.6 ಬಂದಿತು. ಅಲ್ಲಿಗೆ ನನ್ನ ವಿವರಣೆಯೂ ನಿಂತಿತು.

ಇನ್ನೊಬ್ಬಳು ಹುಡುಗಿ, ಅಂಕಿಗಳನ್ನು ಗುರುತಿಸುವ ಮೊದಲು ಗ್ರಾಫ್ ಹೇಗಿರಬಹುದು ಎಂದು ಊಹಿಸಿ ಬರೆ ಎಂದಾಗ, ಕರ್ಜತ್‌ನಿಂದ ಲೋನಾವಳಾದ ಭಾಗವನ್ನು ಎಲ್ಲಕ್ಕಿಂತ ಕಡಿದಾಗಿ ಎಳೆದಳು. ಅಲ್ಲಿ ಗಾಡಿ ಬೆಟ್ಟ ಹತ್ತುತ್ತದೆಯಲ್ಲ ಎಂಬುದು ಅವಳ ಕಾರಣ. ಇದನ್ನು ಹೇಗೆ ಬಿಡಿಸಿ ಹೇಳುವುದು?

ಮೂರನೆಯದು, ಗ್ರಾಫ್ ನೇರಗೆರೆಯಾಗಿರದೆ ಬಾಗಿದ್ದರೆ ಒಂದು ಕ್ಷಣದ ಜವವನ್ನು ಕಂಡುಹಿಡಿಯುವ ಬಗೆ. ಎರಡು ಬಿಂದುಗಳಿದ್ದರೆ ಭಾಗಾಕಾರ ಮಾಡಬಹುದು. ಒಂದೇ ಬಿಂದುವಿದ್ದಾಗ ಯಾವುದನ್ನು ಯಾವುದರಿಂದ ಭಾಗಿಸುವುದು?

ಉತ್ತರ: ಕೋಥ್ರೂಡ್ ಗಣಿತ, ಪುಣೆ

ನಿಮ್ಮ ಲೆಕ್ಕ ಚೆನ್ನಾಗಿದೆ. ಆ ಹುಡುಗನ ವಾದ ಅದಕ್ಕಿಂತಲೂ ಚೆನ್ನಾಗಿದೆ. ಅನೇಕ ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನಾಗಿ ಹೇಳುವುದಾದರೆ, ಈ ಪ್ರಶ್ನೆಯನ್ನು ಕೇಳದೆ ಸೂತ್ರವನ್ನು ಒಪ್ಪಿಕೊಳ್ಳುವ ಮಕ್ಕಳ ಬಗ್ಗೆಯೇ ಹೆಚ್ಚು ಚಿಂತೆ ಮಾಡಬೇಕು.

ಮೊದಲು ಗ್ರಾಫ್ ಏನು ಹೇಳುತ್ತದೆ ನೋಡೋಣ. ಯಾವುದೇ ಎರಡು ಕ್ಷಣಗಳ ನಡುವಿನ ಸರಾಸರಿ ದರ ಬೇಕೆಂದರೆ, ಆ ಎರಡು ಕ್ಷಣಗಳಿಗೆ ಗ್ರಾಫ್‌ನ ಮೇಲಿರುವ ಬಿಂದುಗಳನ್ನು ಗುರುತಿಸಿ, ಅವೆರಡನ್ನು ಒಂದು ನೇರಗೆರೆಯಿಂದ ಕೂಡಿಸಿ, ಆ ಗೆರೆ ಎಷ್ಟು ಕಿಲೋಮೀಟರ್ ಮೇಲೇರಿದೆ ಎಂಬುದನ್ನು ಅದು ಎಷ್ಟು ಸಮಯ ಬಲಕ್ಕೆ ಸರಿದಿದೆ ಎಂಬುದರಿಂದ ಭಾಗಿಸಬೇಕು. ಈ ಕೂಡುಗೆರೆಯನ್ನು ಜ್ಯಾ ಎನ್ನುತ್ತಾರೆ. ಜ್ಯಾದ ಇಳಿಜಾರೇ ಆ ಅವಧಿಯ ಸರಾಸರಿ ಜವ. ಎರಡು ತುದಿಗಳ ನಡುವೆ ಗ್ರಾಫ್ ಎಲ್ಲೆಲ್ಲಿ ಬಳುಕಿತು, ಎಲ್ಲಿ ಮಲಗಿತು ಎನ್ನುವುದು ಈ ಭಾಗಾಕಾರದೊಳಗೆ ಬರುವುದೇ ಇಲ್ಲ. ಇಡೀ ಪ್ರಯಾಣಕ್ಕೆ ತುದಿಗಳು (0, 0) ಮತ್ತು (192, 192). ಉತ್ತರ ನಿಮಿಷಕ್ಕೆ 1 ಕಿ.ಮೀ., ಅಂದರೆ ಗಂಟೆಗೆ 60 ಕಿ.ಮೀ.

ಈಗ ಹುಡುಗನ 62.25ಕ್ಕೆ ಬರೋಣ. ನಾಲ್ಕು ಸಂಖ್ಯೆಗಳನ್ನು ಕೂಡಿ ನಾಲ್ಕರಿಂದ ಭಾಗಿಸಿದಾಗ ಅವನು ತನಗರಿವಿಲ್ಲದೆಯೇ ಒಂದು ಮಾತನ್ನು ಒಪ್ಪಿಕೊಂಡಿದ್ದಾನೆ: ನಾಲ್ಕು ಹಂತಗಳೂ ಒಂದೇ ಪ್ರಮಾಣದ ಸಮಯವನ್ನು ತೆಗೆದುಕೊಂಡಿವೆ ಎಂದು. ಆದರೆ ಅವು ತೆಗೆದುಕೊಂಡದ್ದು 54, 40, 42 ಮತ್ತು 48 ನಿಮಿಷ. ನೀವು ವಾಣಿಜ್ಯಶಾಸ್ತ್ರ ಓದಿದವರಾದ್ದರಿಂದ ಹೋಟೆಲಿನ ಈರುಳ್ಳಿ ಖರೀದಿಯ ಲೆಕ್ಕದಿಂದಲೇ ಹೇಳಬಹುದು: ಕಿಲೋಗೆ 40 ರೂಪಾಯಿಯಂತೆ 10 ಕಿಲೋ, 30 ರೂಪಾಯಿಯಂತೆ 50 ಕಿಲೋ ಕೊಂಡರೆ ಸರಾಸರಿ ದರ 35 ರೂಪಾಯಿ ಎಂದು ಯಾವ ಮಾಲೀಕರೂ ಒಪ್ಪುವುದಿಲ್ಲ, ಕೊಟ್ಟ ಒಟ್ಟು 1900 ರೂಪಾಯಿಯನ್ನು 60 ಕಿಲೋಗಳಿಂದ ಭಾಗಿಸಿ 31 ರೂಪಾಯಿ 67 ಪೈಸೆ ಎನ್ನುತ್ತಾರೆ. ಅಲ್ಲಿ ಕಿಲೋ ಮಾಡುವ ಕೆಲಸವನ್ನು ಇಲ್ಲಿ ನಿಮಿಷ ಮಾಡುತ್ತದೆ. ಒಂದೊಂದು ಜವವನ್ನೂ ಅದು ಎಷ್ಟು ನಿಮಿಷ ನಡೆಯಿತೋ ಅಷ್ಟರಿಂದ ಗುಣಿಸಬೇಕು, ನಿಂತ ಸಮಯದ ಜವ ಸೊನ್ನೆ ಎಂದು ಅದನ್ನೂ ಸೇರಿಸಿಕೊಳ್ಳಬೇಕು:

60 × 54 + 69 × 40 + 0 × 5 + 40 × 42 + 0 × 3 + 80 × 48
= 3240 + 2760 + 0 + 1680 + 0 + 3840
= 11520

ಇದನ್ನು 192ರಿಂದ ಭಾಗಿಸಿದರೆ ಸರಿಯಾಗಿ 60. ಅಂದಮೇಲೆ ಹುಡುಗನ ದಾರಿ ಮುಚ್ಚಿದ ದಾರಿಯೇನಲ್ಲ. ತೂಕ ಹಾಕುವುದನ್ನು ಮರೆತಿದ್ದ, ಅಷ್ಟೆ. ನಿಂತ 8 ನಿಮಿಷವನ್ನು ಬಿಟ್ಟು 11520ನ್ನು 184ರಿಂದ ಭಾಗಿಸಿದರೆ ನಿಮಗೆ ಬಂದ 62.6 ಸಿಗುತ್ತದೆ. ಅದು ಗಾಡಿ ಓಡುತ್ತಿದ್ದ ಸಮಯದ ಸರಾಸರಿ. ಬೇರೆ ಪ್ರಶ್ನೆಗೆ ಸರಿಯಾದ ಉತ್ತರ. 62.25 ಮಾತ್ರ ಯಾವ ಪ್ರಶ್ನೆಗೂ ಉತ್ತರವಲ್ಲ.

ಈ ಮೂರೂ ಸಂಖ್ಯೆಗಳು ಅಕ್ಕಪಕ್ಕದಲ್ಲಿರುವುದರಿಂದ ಮಕ್ಕಳಿಗೆ ತಪ್ಪಿನ ಗಾತ್ರ ಕಾಣುವುದಿಲ್ಲ. ಒಂದು ಕಟುವಾದ ಲೆಕ್ಕವನ್ನು ಕೊಟ್ಟು ನೋಡಿ: 60 ಕಿ.ಮೀ. ದೂರವನ್ನು ಹೋಗುವಾಗ ಗಂಟೆಗೆ 60ರಂತೆ, ಬರುವಾಗ ದಟ್ಟಣೆಯಲ್ಲಿ ಸಿಕ್ಕಿ ಗಂಟೆಗೆ 20ರಂತೆ ಕ್ರಮಿಸಿದರೆ ಸರಾಸರಿ 40 ಎನ್ನುತ್ತಾರೆ. ನಿಜವಾಗಿ 120 ಕಿ.ಮೀ.ಗೆ 4 ಗಂಟೆ ಹಿಡಿದಿದೆ, ಸರಾಸರಿ 30. ನಿಧಾನವಾಗಿ ಸಾಗುವಾಗ ಹೆಚ್ಚು ಹೊತ್ತು ಕಳೆಯುತ್ತೇವೆ. ಆದ್ದರಿಂದ ಸರಾಸರಿಯನ್ನು ಕೆಳಕ್ಕೆ ಎಳೆಯುವ ಶಕ್ತಿ ನಿಧಾನಕ್ಕೇ ಹೆಚ್ಚು.

ಇನ್ನೊಂದು ವಿಷಯವನ್ನು ಮಕ್ಕಳಿಂದಲೇ ಹೇಳಿಸಿ. ನಿಮ್ಮ ಗ್ರಾಫ್‌ನಲ್ಲಿ ಸಿಎಸ್‌ಎಂಟಿಯಿಂದ ಕಲ್ಯಾಣದವರೆಗೆ ಒಂದು ನೇರಗೆರೆ ಇದೆ. 54 ನಿಮಿಷವೂ ಗಾಡಿ ಗಂಟೆಗೆ 60ರಲ್ಲೇ ಓಡಿತೇ? ಸಾಧ್ಯವಿಲ್ಲ. ಹೊರಡುವಾಗ ಸೊನ್ನೆಯಿಂದ ಏರಬೇಕು, ದಾರಿಯಲ್ಲಿ ಎಲ್ಲಾದರೂ ಸಿಗ್ನಲ್ ನೋಡಿ ತಗ್ಗಿರಬೇಕು. ನಮ್ಮ ಕೈಯಲ್ಲಿ ಎರಡೇ ಅಂಕಿಗಳಿದ್ದುದರಿಂದ ನಾವು ನೇರಗೆರೆ ಎಳೆದೆವು. ಅಂದರೆ ನೀವು ಎಳೆದ ನಾಲ್ಕು ಗೆರೆಗಳೂ ನಿಜವಾದ, ನಮಗೆ ಕಾಣದ, ಬಾಗಿದ ಗ್ರಾಫ್‌ನ ಜ್ಯಾಗಳೇ. ಕರ್ಜತ್‌ನಲ್ಲಿ ನಿಮ್ಮ ಗೆರೆ ಚೂಪಾಗಿ ಮುರಿದು ಮಲಗುತ್ತದೆ. ನಿಜವಾದ ಗಾಡಿ ಹಾಗೆ 69ರಿಂದ ಸೊನ್ನೆಗೆ ಹಾರಲಾರದು. ಆ ಮೂಲೆಗಳೆಲ್ಲ ನುಣುಪಾಗಿಯೇ ಇರಬೇಕು.

ಬಾಗಿದ ಗ್ರಾಫ್‌ನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಘಾಟ್‌ನ ವಿಷಯವನ್ನು ಹೇಳಬೇಕಾದವರು ಈ ಬಳಗದಲ್ಲಿ ಬೇರೆಯವರಿದ್ದಾರೆ.

ಉತ್ತರ: ಘಾಟ್ ಸೆಕ್ಷನ್, ಕಲ್ಯಾಣ

ಗಣಿತದ ಮೇಷ್ಟ್ರು ನನ್ನತ್ತ ಬೊಟ್ಟು ಮಾಡಿದ್ದಾರೆ. ನಾನು ರೈಲ್ವೆಯ ಕಂಟ್ರೋಲ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ದೂರ-ಕಾಲ ಗ್ರಾಫ್ ನಮಗೆ ಪಾಠವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

ಸೆಕ್ಷನ್ ಕಂಟ್ರೋಲರ್‌ನ ಮೇಜಿನ ಮೇಲೆ ಹಾಸಿರುತ್ತಿದ್ದ ಚಾರ್ಟ್ ಎಂದರೆ ನಿಮ್ಮ ಮಕ್ಕಳು ಬರೆಯುವ ಗ್ರಾಫ್‌ನ ದೊಡ್ಡ ರೂಪವೇ. ಅಡ್ಡಕ್ಕೆ ಗಂಟೆ-ನಿಮಿಷ, ಉದ್ದಕ್ಕೆ ಸ್ಟೇಷನ್ನುಗಳು, ಅದೂ ಅವುಗಳ ನಡುವಿನ ದೂರಕ್ಕೆ ತಕ್ಕ ಅಂತರದಲ್ಲಿ. ಪ್ರತಿಯೊಂದು ಸ್ಟೇಷನ್ನಿನಿಂದಲೂ ಗಾಡಿ ಬಂದ, ಬಿಟ್ಟ ಸಮಯವನ್ನು ಕಂಟ್ರೋಲ್ ಫೋನಿನಲ್ಲಿ ಹೇಳುತ್ತಿದ್ದರು. ಆ ಬಿಂದುಗಳನ್ನು ಗುರುತಿಸಿ, ಬಣ್ಣದ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತ ಹೋಗುವುದು ನಮ್ಮ ಕೆಲಸ. ಈಗ ಆ ಗೆರೆಗಳನ್ನು ಕಂಪ್ಯೂಟರೇ ಎಳೆಯುತ್ತದೆ. ಕಡಿದಾದ ಗೆರೆ ಎಂದರೆ ವೇಗದ ಗಾಡಿ, ಒರಗಿದ ಗೆರೆ ಎಂದರೆ ನಿಧಾನದ ಗಾಡಿ, ಮಲಗಿದ ಗೆರೆ ಎಂದರೆ ನಿಂತ ಗಾಡಿ. ಹಿಂದಿನ ಎಕ್ಸ್‌ಪ್ರೆಸ್‌ನ ಕಡಿದಾದ ಗೆರೆಯನ್ನು ಪೆನ್ಸಿಲ್ಲಿನಿಂದ ಮುಂದಕ್ಕೆ ಎಳೆದು, ಅದು ಮುಂದಿನ ಗೂಡ್ಸ್‌ನ ಒರಗಿದ ಗೆರೆಯನ್ನು ಎಲ್ಲಿ ಮುಟ್ಟುತ್ತದೆ ಎಂದು ನೋಡಿ, ಅದಕ್ಕೂ ಮೊದಲೇ ಯಾವ ಸ್ಟೇಷನ್ನಿನಲ್ಲಿ ಗೂಡ್ಸನ್ನು ಪಕ್ಕದ ಲೈನಿಗೆ ಹಾಕಬೇಕೆಂದು ತೀರ್ಮಾನಿಸುವುದೇ ದಿನದ ಗೋಳು.

ಆ ಹುಡುಗಿಗೆ ಹೇಳಬೇಕಾದದ್ದು ಇಷ್ಟು. ಚಾರ್ಟ್‌ನ ಲಂಬ ಅಕ್ಷದಲ್ಲಿ ಇರುವುದು ಹಳಿಯುದ್ದಕ್ಕೂ ಅಳೆದ ದೂರ, ಸಮುದ್ರಮಟ್ಟದಿಂದ ಎತ್ತರವಲ್ಲ. ಕರ್ಜತ್‌ನಿಂದ ಲೋನಾವಳಾದ ಘಾಟ್‌ನಲ್ಲಿ ಹಳಿ 37 ಮೀಟರ್ ಸಾಗುವಷ್ಟರಲ್ಲಿ 1 ಮೀಟರ್ ಏರುವಂಥ ಕಡಿದು ಇದೆ. ರೈಲಿಗೆ ಅದು ಬಹಳ ಹೆಚ್ಚು. ಆದ್ದರಿಂದಲೇ ಕರ್ಜತ್‌ನಲ್ಲಿ ಗಾಡಿಯ ಹಿಂಬದಿಗೆ ಬ್ಯಾಂಕರ್ ಎಂಜಿನ್ನುಗಳನ್ನು ಜೋಡಿಸಿ, ತಳ್ಳಿಸಿಕೊಂಡು ಹತ್ತಿಸುತ್ತಾರೆ. ನಿಮ್ಮ ಲೆಕ್ಕದ 5 ನಿಮಿಷದ ನಿಲುಗಡೆಗೆ ಈ ಕಾರಣವನ್ನೇ ಮಕ್ಕಳಿಗೆ ಹೇಳಬಹುದು. ಬೆಟ್ಟ ಕಡಿದಾದಷ್ಟೂ ಗಾಡಿ ನಿಧಾನ, ಗಾಡಿ ನಿಧಾನವಾದಷ್ಟೂ ಚಾರ್ಟ್‌ನ ಗೆರೆ ಮಲಗುತ್ತದೆ. ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಕಡಿದಾದ ಜಾಗದಲ್ಲಿ ಎಲ್ಲಕ್ಕಿಂತ ಒರಗಿದ ಗೆರೆ.

ಅವಳು ಜಾಣೆಯಾದರೆ, "ಹಾಗಾದರೆ ಇಳಿಯುವಾಗ ಗೆರೆ ಕಡಿದಾಗಿರುತ್ತದೆಯೇ?" ಎಂದು ಕೇಳುತ್ತಾಳೆ. ಅದೂ ಇಲ್ಲ. ಇಳಿಯುವ ಗಾಡಿಯನ್ನು ಬ್ರೇಕ್‌ನ ಹಿಡಿತದಲ್ಲೇ ಇಳಿಸಬೇಕಾದ್ದರಿಂದ ಅಲ್ಲಿಯೂ ಜವದ ಕಟ್ಟುಪಾಡಿದೆ. ಅಲ್ಲಿಯೂ ಗೆರೆ ಒರಗಿಯೇ ಇರುತ್ತದೆ. ಗ್ರಾಫ್ ಬೆಟ್ಟದ ಚಿತ್ರವಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. (ಮುಂಬಯಿಯಿಂದ ಹೊರಡುವ ಗಾಡಿಯನ್ನು ನಮ್ಮಲ್ಲಿ ಡೌನ್ ಎಂದೂ ಮುಂಬಯಿಗೆ ಬರುವುದನ್ನು ಅಪ್ ಎಂದೂ ಕರೆಯುತ್ತೇವೆ, ಆದ್ದರಿಂದ ಘಾಟ್ ಹತ್ತುವುದು ಡೌನ್ ಗಾಡಿ, ಇಳಿಯುವುದು ಅಪ್ ಗಾಡಿ. ಇದನ್ನು ಮಕ್ಕಳಿಗೆ ಹೇಳಬೇಡಿ, ಇದ್ದ ಗೊಂದಲವೇ ಸಾಕು.)

ಒಂದು ಎಚ್ಚರಿಕೆ. ನಮ್ಮ ಚಾರ್ಟ್‌ನಲ್ಲಿ ಒಂದು ದಿಕ್ಕಿನ ಗಾಡಿಯ ಗೆರೆ ಏರಿದರೆ ಎದುರು ದಿಕ್ಕಿನ ಗಾಡಿಯ ಗೆರೆ ಇಳಿಯುತ್ತದೆ, ಏಕೆಂದರೆ ಅದು ತೋರಿಸುವುದು ಗಾಡಿ ಎಲ್ಲಿದೆ ಎಂಬುದನ್ನು. ಪಠ್ಯಪುಸ್ತಕದ ದೂರ-ಕಾಲ ಗ್ರಾಫ್‌ನಲ್ಲಿ ಕ್ರಮಿಸಿದ ಒಟ್ಟು ದೂರ ಇದ್ದರೆ ಗೆರೆ ಎಂದಿಗೂ ಇಳಿಯಲಾರದು, ಹೆಚ್ಚೆಂದರೆ ಮಲಗೀತು. ನಿಮ್ಮ ಗಾಡಿ ಪುಣೆಯಿಂದ ಆಗಲೇ ತಿರುಗಿ 208 ನಿಮಿಷದಲ್ಲಿ ಸಿಎಸ್‌ಎಂಟಿಗೆ ಬಂದಿತು ಎನ್ನಿ. ಒಟ್ಟು 384 ಕಿ.ಮೀ., 400 ನಿಮಿಷ, ಸರಾಸರಿ ಜವ ಗಂಟೆಗೆ 57.6. ಆದರೆ ನಮ್ಮ ಚಾರ್ಟ್‌ನಲ್ಲಿ ಗೆರೆಯ ಎರಡೂ ತುದಿಗಳು ಸಿಎಸ್‌ಎಂಟಿಯ ಗೆರೆಯ ಮೇಲೆಯೇ ಇರುವುದರಿಂದ ಜ್ಯಾ ಪೂರ್ತಿ ಮಲಗಿರುತ್ತದೆ. ಜವದಂತಲ್ಲದೆ ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯುವ ಸರಾಸರಿ ವೇಗ ಸೊನ್ನೆ. ಮಕ್ಕಳ ಪ್ರಶ್ನೆಪತ್ರಿಕೆಯಲ್ಲಿ ಲಂಬ ಅಕ್ಷದ ಮೇಲೆ ಏನು ಬರೆದಿದೆ ಎಂದು ಮೊದಲು ಓದಿಸಿ, ಆಮೇಲೆ ಲೆಕ್ಕ ಮಾಡಿಸಿ.

ಸರಾಸರಿಗೆ ಎರಡು ತುದಿ ಸಾಕು ಎನ್ನುವುದಕ್ಕೆ ನಮ್ಮ ಮನೆಯ ಮುಂದಿನ ಹಳಿಯದೇ ಉದಾಹರಣೆ ಇದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕರ ಗಾಡಿ 34 ಕಿ.ಮೀ. ದಾರಿಯನ್ನು 57 ನಿಮಿಷದಲ್ಲಿ ಕ್ರಮಿಸಿತು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಭಾಗಿಸಿದರೆ ಗಂಟೆಗೆ ಸುಮಾರು 35.8 ಕಿ.ಮೀ. ನಡುದಾರಿಯ ಒಂದೇ ಒಂದು ಸಮಯವೂ ಇದಕ್ಕೆ ಬೇಕಾಗಲಿಲ್ಲ. ಹಾಗೆಯೇ ನಡುದಾರಿಯಲ್ಲಿ ಏನಾಯಿತು ಎಂಬುದನ್ನು ಈ ಸಂಖ್ಯೆಯಿಂದ ಹೊರತೆಗೆಯಲೂ ಬರುವುದಿಲ್ಲ.

ಮರುಪ್ರಶ್ನೆ: ಭಾನುವಾರದ ತರಗತಿ, ಡೊಂಬಿವಲಿ

ಇಬ್ಬರು ಹಿರಿಯರಿಗೂ ವಂದನೆಗಳು. ಘಾಟ್‌ನ ವಿಷಯವನ್ನು ಹೀಗೆಯೇ ಹೇಳುತ್ತೇನೆ. ತೂಕದ ಸರಾಸರಿಯನ್ನು ನಾನು ದಿನವೂ ಅಂಗಡಿಯ ಲೆಕ್ಕದಲ್ಲಿ ಬಳಸುತ್ತೇನಾದರೂ ಅದು ಗ್ರಾಫ್‌ನೊಳಗೂ ಕುಳಿತಿದೆ ಎಂದು ಯಾರೂ ತೋರಿಸಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಸಣ್ಣ ತೊಡಕು. ಒಬ್ಬ ಹುಡುಗ ಗ್ರಾಫ್ ಹಾಳೆಯ ಮೇಲೆ ಜ್ಯಾವನ್ನು ಎಳೆದು, ಅಳತೆಪಟ್ಟಿಯಿಂದ ಏರನ್ನೂ (ಗೆರೆ ಮೇಲೇರಿದ್ದು) ಓಟವನ್ನೂ (ಬಲಕ್ಕೆ ಸರಿದದ್ದು) ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿ ಇಳಿಜಾರು 0.5 ಎಂದ. ಪಕ್ಕದವನು ಕೋನಮಾಪಕವನ್ನೇ ಇಟ್ಟುಬಿಟ್ಟ. ಹಾಳೆಯಲ್ಲಿ ಅಡ್ಡಕ್ಕೆ 1 ಸೆಂ.ಮೀ.ಗೆ 10 ನಿಮಿಷ, ಉದ್ದಕ್ಕೆ 1 ಸೆಂ.ಮೀ.ಗೆ 20 ಕಿ.ಮೀ. ಎಂದು ತೆಗೆದುಕೊಂಡಿದ್ದೆವು.

ಉತ್ತರ: ಕೋಥ್ರೂಡ್ ಗಣಿತ, ಪುಣೆ

ಕೋನಮಾಪಕವನ್ನು ಪೆಟ್ಟಿಗೆಯೊಳಗೆ ಇಡಿಸಿಬಿಡಿ. ಅದೇ ಪ್ರಯಾಣವನ್ನು ಇನ್ನೊಬ್ಬ ಬೇರೆ ಪ್ರಮಾಣದಲ್ಲಿ ಬರೆದರೆ ಕೋನ ಬದಲಾಗುತ್ತದೆ, ಗಾಡಿಯ ಜವ ಬದಲಾಗುವುದಿಲ್ಲ.

ಅಳತೆಪಟ್ಟಿಯವನು ಅರ್ಧ ದಾರಿ ಬಂದಿದ್ದಾನೆ. ನಿಮ್ಮ ಪ್ರಮಾಣದಲ್ಲಿ 192 ಕಿ.ಮೀ. ಎಂದರೆ 9.6 ಸೆಂ.ಮೀ., 192 ನಿಮಿಷ ಎಂದರೆ 19.2 ಸೆಂ.ಮೀ.; ಭಾಗಿಸಿದರೆ 0.5. ಆದರೆ ಏರಿನ ಒಂದೊಂದು ಸೆಂಟಿಮೀಟರೂ 20 ಕಿಲೋಮೀಟರ್, ಓಟದ ಒಂದೊಂದು ಸೆಂಟಿಮೀಟರೂ 10 ನಿಮಿಷ. ಆದ್ದರಿಂದ 0.5ನ್ನು 20/10ರಿಂದ ಗುಣಿಸಿದರೆ ನಿಮಿಷಕ್ಕೆ 1 ಕಿ.ಮೀ. ಸಿಗುತ್ತದೆ. ಇದಕ್ಕಿಂತ ಸುಲಭದ ದಾರಿಯೆಂದರೆ ಅಳತೆಪಟ್ಟಿಯನ್ನು ಬಿಟ್ಟು ಅಕ್ಷಗಳ ಮೇಲಿನ ಸಂಖ್ಯೆಗಳನ್ನೇ ಓದುವುದು. ಸಂಖ್ಯೆಯ ಜೊತೆಗೆ ಏಕಮಾನವನ್ನೂ ಪ್ರತಿ ಸಾಲಿನಲ್ಲಿ ಬರೆಯುವ ಅಭ್ಯಾಸವಿದ್ದರೆ 0.5ರಂಥ ಏಕಮಾನವಿಲ್ಲದ ಉತ್ತರ ಬಂದ ಕೂಡಲೇ ಮಕ್ಕಳಿಗೇ ಅನುಮಾನ ಬರುತ್ತದೆ.

ತುದಿಗಳು ಸ್ಟೇಷನ್ನುಗಳಲ್ಲೇ ಇರಬೇಕೆಂದೇನೂ ಇಲ್ಲ ಎಂಬುದನ್ನು ಕಲಿಸಲು ಒಂದು ಅಭ್ಯಾಸ ಕೊಡಿ: 60ನೆಯ ನಿಮಿಷದಿಂದ 120ನೆಯ ನಿಮಿಷದವರೆಗಿನ ಸರಾಸರಿ ಎಷ್ಟು? 60ನೆಯ ನಿಮಿಷದಲ್ಲಿ ಗಾಡಿ ಕಲ್ಯಾಣ ದಾಟಿ 6 ನಿಮಿಷ ಓಡಿ 60.9 ಕಿ.ಮೀ.ನಲ್ಲಿದೆ, 120ನೆಯ ನಿಮಿಷದಲ್ಲಿ ಘಾಟ್‌ನಲ್ಲಿ 21 ನಿಮಿಷ ಹತ್ತಿ 114 ಕಿ.ಮೀ.ನಲ್ಲಿದೆ. ವ್ಯತ್ಯಾಸ 53.1 ಕಿ.ಮೀ., ಅವಧಿ ಸರಿಯಾಗಿ ಒಂದು ಗಂಟೆ. ಗ್ರಾಫ್‌ನಿಂದ ಕಣ್ಣಳತೆಯಲ್ಲಿ ಓದಿದ ಮಗು 52 ಅಥವಾ 54 ಎಂದರೂ ಅಂಕ ಕಳೆಯಬೇಡಿ.

ಉತ್ತರ: ಎಕ್ಸ್‌ಪ್ರೆಸ್‌ವೇ ಪಯಣಿಗ, ಪನ್ವೇಲ್

ಹಿರಿಯರ ಮಾತಿನ ನಡುವೆ ಒಂದು ವಿಷಯವನ್ನು ಸೇರಿಸುತ್ತೇನೆ. ಕೆಲಸದ ನಿಮಿತ್ತ ಪುಣೆಗೆ ಕಾರಿನಲ್ಲಿ ಹೋಗಿಬರುವ ನನ್ನಂಥವರಿಗೆ ಸರಾಸರಿ ದರ ಎನ್ನುವುದು ಈಗ ದಂಡದ ಚೀಟಿಯ ರೂಪದಲ್ಲಿ ಪಾಠ ಹೇಳುತ್ತಿದೆ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ಜಾಗದ ಜವವನ್ನು ಅಳೆಯುವ ಕ್ಯಾಮೆರಾಗಳ ಜೊತೆಗೆ, ಎರಡು ಜಾಗಗಳ ನಡುವಿನ ಸರಾಸರಿಯನ್ನು ಹಿಡಿಯುವ ವ್ಯವಸ್ಥೆಯೂ ಇದೆ. ಕ್ಯಾಮೆರಾ ಇರುವ ಮೊದಲ ಕಮಾನಿನ ಕೆಳಗೆ ಗಾಡಿಯ ನಂಬರು ಮತ್ತು ಸಮಯ, ಎರಡನೆಯದರ ಕೆಳಗೆ ಮತ್ತೆ ನಂಬರು ಮತ್ತು ಸಮಯ. ನಡುವಿನ ದೂರ ಮೊದಲೇ ಗೊತ್ತು. ಗ್ರಾಫ್‌ನ ಎರಡು ಬಿಂದುಗಳು ಸಿಕ್ಕಿದವು, ಜ್ಯಾ ಎಳೆದಾಯಿತು.

ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ ಅದನ್ನು ದಾಟಿದ ಕೂಡಲೇ ಮತ್ತೆ ಜವ ಏರಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿಯಿರುವ ಭಾಗದಲ್ಲಿ 20 ಕಿ.ಮೀ. ಅಂತರವನ್ನು 11 ನಿಮಿಷದಲ್ಲಿ ದಾಟಿದರೆ ಸರಾಸರಿ 109. ಒಬ್ಬ ಗೆಳೆಯ, "ನಾನು 100 ಮೀರಿದ್ದನ್ನು ನೋಡಿದವರು ಯಾರು?" ಎಂದು ವಾದಿಸಿದ. ನೋಡುವ ಅಗತ್ಯವೇ ಇಲ್ಲ. ಎಲ್ಲ ಕ್ಷಣಗಳಲ್ಲೂ 100 ಅಥವಾ ಅದಕ್ಕಿಂತ ಕಡಿಮೆ ಇದ್ದಿದ್ದರೆ 20 ಕಿ.ಮೀ.ಗೆ ಕನಿಷ್ಠ 12 ನಿಮಿಷ ಹಿಡಿಯಲೇಬೇಕಿತ್ತು. ಗ್ರಾಫ್‌ನಲ್ಲಿ ಇದನ್ನು ತೋರಿಸಬೇಕೆಂದರೆ ಜ್ಯಾದ ಮೇಲೆ ಅಳತೆಪಟ್ಟಿಯನ್ನು ಇಟ್ಟು, ಅದರ ಓರೆ ಬದಲಾಗದಂತೆ ಮೆಲ್ಲಗೆ ಮೇಲಕ್ಕೋ ಕೆಳಕ್ಕೋ ಸರಿಸುತ್ತ ಹೋಗಬೇಕು. ಗ್ರಾಫ್ ನುಣುಪಾಗಿದ್ದರೆ ಎಲ್ಲೋ ಒಂದು ಬಿಂದುವಿನಲ್ಲಿ ಪಟ್ಟಿ ಅದನ್ನು ಸವರಿಕೊಂಡು ಹೋಗುತ್ತದೆ. ಆ ಕ್ಷಣದಲ್ಲಿ ಕಾರಿನ ಜವ ಸರಾಸರಿಗೆ ಸರಿಸಮ. ಕಲನಶಾಸ್ತ್ರದಲ್ಲಿ ಇದನ್ನು ಮಧ್ಯಮಾನ ಪ್ರಮೇಯ ಎಂದು ಕಲಿಸುತ್ತಾರೆ.

ಇದರ ತಿರುವುಮುರುವು ಮಾತ್ರ ನಿಜವಲ್ಲ. 30 ಕಿ.ಮೀ. ಅಂತರದಲ್ಲಿ 10 ನಿಮಿಷ ವಡಾಪಾವ್‌ಗೆ ನಿಂತು ಉಳಿದ 15 ನಿಮಿಷ ಗಂಟೆಗೆ 120ರಂತೆ ಓಡಿಸಿದವನ ಸರಾಸರಿ 72. ಸರಾಸರಿ ಮಿತಿಯೊಳಗಿದೆ, ಚಾಲಕನಲ್ಲ.

ಉತ್ತರ: ಕೋಥ್ರೂಡ್ ಗಣಿತ, ಪುಣೆ

ಪನ್ವೇಲ್‌ನವರ ಅಳತೆಪಟ್ಟಿ ನನ್ನ ಉಳಿದ ಕೆಲಸವನ್ನು ಹಗುರ ಮಾಡಿದೆ. ಒಂದು ಕ್ಷಣದ ಜವವೆಂದರೆ ಗ್ರಾಫನ್ನು ಆ ಬಿಂದುವಿನಲ್ಲಿ ಸವರಿಕೊಂಡು ಹೋಗುವ ಗೆರೆಯ, ಅಂದರೆ ಸ್ಪರ್ಶಕದ ಇಳಿಜಾರು. ಅದನ್ನು ಜ್ಯಾಗಳ ಮೂಲಕವೇ ತಲುಪಬಹುದು.

ಪ್ಲಾಟ್‌ಫಾರಂ ಬಿಟ್ಟು ಹೊರಡುವ ಒಂದು ಲೋಕಲ್ ಗಾಡಿಯನ್ನು ತೆಗೆದುಕೊಳ್ಳಿ. ಅದರ ಜವ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಅರ್ಧ ಮೀಟರ್‌ನಷ್ಟು ಏರುತ್ತದೆ ಎಂದುಕೊಂಡರೆ, ಕ್ರಮಿಸಿದ ದೂರ 10 ಸೆಕೆಂಡಿಗೆ 25 ಮೀಟರ್, 20ಕ್ಕೆ 100, 30ಕ್ಕೆ 225, 40ಕ್ಕೆ 400. ಈ ಬಿಂದುಗಳನ್ನು ಕೂಡಿಸಿದರೆ ಮೇಲಕ್ಕೆ ಬಾಗಿದ ಗ್ರಾಫ್ ಬರುತ್ತದೆ. 20ನೆಯ ಸೆಕೆಂಡಿನ ಜವ ಬೇಕು. 20ರಿಂದ 30ರವರೆಗಿನ ಜ್ಯಾ ಎಳೆದರೆ 125 ಮೀಟರ್‌ಗೆ 10 ಸೆಕೆಂಡು, ಅಂದರೆ ಸೆಕೆಂಡಿಗೆ 12.5 ಮೀಟರ್. ಇದು ಹೆಚ್ಚಾಯಿತು, ಏಕೆಂದರೆ ಆಮೇಲಿನ ವೇಗದ ಸೆಕೆಂಡುಗಳೂ ಇದರಲ್ಲಿ ಸೇರಿವೆ. ಬಲತುದಿಯನ್ನು ಹತ್ತಿರಕ್ಕೆ ತನ್ನಿ: 20ರಿಂದ 22ಕ್ಕೆ 10.5, 20ರಿಂದ 21ಕ್ಕೆ 10.25, 20ರಿಂದ 20.1ಕ್ಕೆ 10.025. ಎಡಗಡೆಯಿಂದ ಬಂದರೆ 10ರಿಂದ 20ಕ್ಕೆ 7.5, 19ರಿಂದ 20ಕ್ಕೆ 9.75. ಎರಡೂ ಕಡೆಯಿಂದ ಸಂಖ್ಯೆಗಳು 10ನ್ನು ಅಮುಕುತ್ತಿವೆ. ಯಾವ ಹಂತದಲ್ಲೂ ನಾವು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲಿಲ್ಲ. ನಿಮ್ಮ ಮೂರನೆಯ ಪ್ರಶ್ನೆಯ ಉತ್ತರ ಅಲ್ಲಿದೆ.

ಹಾಳೆಯ ಮೇಲೆ ಸ್ಪರ್ಶಕವನ್ನು ಎಳೆಯುವಾಗ ಅದನ್ನು ಎರಡೂ ಕಡೆಗೆ ಉದ್ದವಾಗಿ ಎಳೆಸಿ, ಓದುವ ಬಿಂದುಗಳನ್ನು ಗ್ರಾಫ್‌ನ ಮೇಲೆ ಆರಿಸದೆ ಆ ಗೆರೆಯ ಮೇಲೆಯೇ ದೂರದೂರದಲ್ಲಿ ಆರಿಸಲು ಹೇಳಿ. ಇಲ್ಲಿ ಸರಿಯಾದ ಸ್ಪರ್ಶಕ ಕಾಲದ ಅಕ್ಷವನ್ನು 10ನೆಯ ಸೆಕೆಂಡಿನಲ್ಲಿ ಕತ್ತರಿಸಿ, 30ನೆಯ ಸೆಕೆಂಡಿನಲ್ಲಿ 200 ಮೀಟರ್ ಮುಟ್ಟುತ್ತದೆ. 200ನ್ನು 20ರಿಂದ ಭಾಗಿಸಿದರೆ 10.

ಮಕ್ಕಳು ಒಂದು ಅಡ್ಡದಾರಿಯನ್ನು ಬೇಗ ಕಂಡುಹಿಡಿಯುತ್ತಾರೆ: 10ರಿಂದ 30ರವರೆಗಿನ ಜ್ಯಾ ಎಳೆದರೂ 10 ಬರುತ್ತದೆ, ಹಾಗಾದರೆ ನಡುಬಿಂದುವಿನ ಎರಡೂ ಪಕ್ಕದಲ್ಲಿ ಸಮದೂರದ ಬಿಂದುಗಳನ್ನು ಹಿಡಿದರೆ ಸಾಕಲ್ಲ ಎಂದು. ಜವ ಒಂದೇ ಹದದಲ್ಲಿ ಏರುತ್ತಿರುವಷ್ಟು ಹೊತ್ತು ಮಾತ್ರ ಅದು ಸರಿ. ಇದೇ ಲೋಕಲ್ 40ನೆಯ ಸೆಕೆಂಡಿಗೆ ಸೆಕೆಂಡಿಗೆ 20 ಮೀಟರ್ ಜವವನ್ನು ಮುಟ್ಟಿ, ಆಮೇಲೆ ಅದೇ ಜವದಲ್ಲಿ ಓಡಿತು ಎನ್ನಿ. 50ನೆಯ ಸೆಕೆಂಡಿಗೆ ಅದು 600 ಮೀಟರ್‌ನಲ್ಲಿರುತ್ತದೆ. 40ನೆಯ ಸೆಕೆಂಡಿನ ಜವ ಬೇಕೆಂದು 30 ಮತ್ತು 50ನ್ನು ಹಿಡಿದರೆ 375 ಮೀಟರ್‌ಗೆ 20 ಸೆಕೆಂಡು, ಅಂದರೆ 18.75 ಬರುತ್ತದೆ, ಆ ಕ್ಷಣದ ನಿಜವಾದ ಜವ 20. ಈ ಎರಡನೆಯ ಗ್ರಾಫನ್ನು ಮುಂದಿನ ಭಾನುವಾರ ಹಲಗೆಯ ಮೇಲೆ ಬರೆದು, ಎರಡೂ ಗೆರೆಗಳನ್ನು ಮಕ್ಕಳ ಕೈಯಲ್ಲೇ ಎಳೆಸಿ.